ಇನ್ನೊಬ್ಬರ ಕಿವಿಯೊಳಗೆ ಕುಳಿತ ವರ್ಷಗಳು

ಮೈಕಿನವನನ್ನು ಜನ ತಿರುಗಿ ನೋಡುವುದು ಎರಡೇ ಸಂದರ್ಭದಲ್ಲಿ. ಒಂದು, ಮೈಕು ಕುಂಯ್ ಎಂದು ಕೂಗಿದಾಗ. ಇನ್ನೊಂದು, ಅದು ಏನೂ ಕೂಗದೆ ಸತ್ತು ಬಿದ್ದಾಗ. ಇವೆರಡೂ ಆಗದ ದಿನ ಅಲ್ಲಿ ಅಂಥವನೊಬ್ಬ ಇದ್ದ ಎಂದೇ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಅದರ ಬಗ್ಗೆ ಬೇಸರವಿಲ್ಲ, ನಾನೂ ಊಟ ಬಡಿಸಿದವನ ಮುಖ ನೋಡಿದವನಲ್ಲ. ಈಗ ಈ ಕೆಲಸಕ್ಕೆ ಬರುವ ಮಕ್ಕಳು ಫೋನಿನಲ್ಲಿ ವಿಡಿಯೋ ನೋಡಿ ತಯಾರಾಗಿ ಬರುತ್ತಾರೆ. ಯಾವ ಗುಂಡಿ ಯಾತಕ್ಕೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಗುಂಡಿಗಳ ವಿಷಯ ಬಿಟ್ಟು, ಆ ಗುಂಡಿಗಳ ಹಿಂದೆ ಕುಳಿತು ನಾನು ಕಂಡದ್ದನ್ನು, ಕೇಳಿದ್ದನ್ನು, ಕೆಡಿಸಿದ್ದನ್ನು ಬರೆಯುತ್ತೇನೆ.

ನಾನು ವಿಠಲ. ಬೋವಿಕಾನ ಪೇಟೆಯ ಲೈಟ್ ಅಂಡ್ ಸೌಂಡ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಇದ್ದದ್ದು ನಾಲ್ಕು ಹಾರ್ನು, ಒಂದು ಆಂಪ್ಲಿಫಯರ್, ಎರಡು ಮೈಕು. ಆಮೇಲೆ ದೊಡ್ಡ ಬಾಕ್ಸುಗಳು ಬಂದವು, ಗಾನಮೇಳಗಳು ಬಂದವು, ನಾನು ಒಂದು ಬ್ಯಾಂಡಿನ ಜೊತೆ ಖಾಯಂ ಆದೆ. ನಾನಿದ್ದಷ್ಟು ಕಾಲದಲ್ಲಿ ಆ ಬ್ಯಾಂಡಿಗೆ ಮೂರು ಸಲ ಹೆಸರು ಬದಲಾದ್ದರಿಂದ ಹೆಸರು ಇಲ್ಲಿ ಬೇಡ. ಜನ ಮಾತ್ರ ಅವರೇ. ಗಿಟಾರಿನ ರಾಜೇಶ ಯಜಮಾನ, ಮೀಂಜದವನು. ಡ್ರಮ್ಸಿಗೆ ಹನೀಫ, ಕೀಬೋರ್ಡಿಗೆ ಸಜಿ. ಹಾಡುವವರು ಶಶಿಕಲಾ ಟೀಚರ್. ವಾರವಿಡೀ ಎಣ್ಮಕಜೆಯ ಶಾಲೆಯೊಂದರಲ್ಲಿ ಪಾಠ, ಶನಿವಾರ ಭಾನುವಾರ ನಮ್ಮೊಂದಿಗೆ ಹಾಡು. ಮದುವೆಗೆ ಬಂದವರ ಮುಖ ನೋಡಿಯೇ ಮುಂದಿನ ಹಾಡು ತುಳುವೋ ಮಲಯಾಳವೋ ಕನ್ನಡವೋ ಎಂದು ನಿರ್ಧರಿಸುವ ಚಾಲಾಕಿ ಅವರಿಗಿತ್ತು.

ಆಗಿನ ವೇದಿಕೆಯೆಂದರೆ ಜಗಳದ ಮನೆ. ರಾಜೇಶ ತನ್ನ ಗಿಟಾರಿನ ಆಂಪ್ಲಿಫಯರನ್ನು ಒಂದು ಗೆರೆ ಏರಿಸುತ್ತಿದ್ದ. ಅದು ಜೋರಾಯಿತೆಂದು ಹನೀಫ ಬಿಗಿದು ಬಾರಿಸುತ್ತಿದ್ದ. ಸಜಿ ಸುಮ್ಮನಿರುತ್ತಾನೆಯೇ, ಅವನೂ ಏರಿಸುತ್ತಿದ್ದ. ನಡುವೆ ಟೀಚರಿಗೆ ತನ್ನ ಸ್ವರವೇ ಕೇಳದೆ, ಎದುರಿಗೆ ನೆಲದಲ್ಲಿಟ್ಟ ಮಾನಿಟರ್ ಬಾಕ್ಸನ್ನು ಏರಿಸಿ ಎಂದು ಕೈಸನ್ನೆ. ನಾನು ಏರಿಸಿದರೆ ಬಾಕ್ಸಿನ ಶಬ್ದ ತಿರುಗಿ ಮೈಕಿಗೇ ಹೊಕ್ಕು ಕುಂಯ್. ಆಗ ಸಭೆಗೆ ಸಭೆಯೇ ನನ್ನ ಕಡೆ ತಿರುಗುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಟೀಚರದ್ದು ಒಂದು ಹಟವೂ ಇತ್ತು. ಅವರು ನಿಲ್ಲುವುದು ಎಡ ತುದಿಯಲ್ಲಿ, ಬ್ಯಾಂಡು ಪೂರ್ತಿ ತನ್ನ ಬಲಕ್ಕೆ ಬರುವ ಹಾಗೆ. ಮಾನಿಟರ್ ಬಾಕ್ಸೂ ಬಲಗಡೆಯೇ ಇರಬೇಕು. ಒಮ್ಮೆ ಜಾಗವಿಲ್ಲದೆ ಎಡಕ್ಕಿಟ್ಟೆ. ಅದನ್ನು ಬಲಕ್ಕೆ ತರುವವರೆಗೆ ಅವರು ಮೈಕು ಮುಟ್ಟಲಿಲ್ಲ. ಟೀಚರಿಗೆ ಬಾಕ್ಸಿನ ವಾಸ್ತು ಎಂದು ನಾನೂ ಹನೀಫನೂ ನಕ್ಕಿದ್ದೇವೆ. ಆ ನಗುವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ರಾಜೇಶ ಕೆಲವು ವರ್ಷ ಶಾರ್ಜಾದಲ್ಲಿದ್ದು ತಿರುಗಿ ಬಂದ. ಊರಿನ ಉಳಿದವರು ಅಲ್ಲಿಂದ ಕಂಬಳಿ, ಅತ್ತರು ತಂದರೆ ಇವನು ತಂದದ್ದು ಮಾಡೆಲರ್ ಎಂಬ ಯಂತ್ರ. ನೋಡಲು ತೂಕ ನೋಡುವ ಮೆಷಿನಿನ ಹಾಗೆ, ಕಾಲಿನಿಂದ ಒತ್ತುವ ಗುಂಡಿಗಳು. ಗಿಟಾರಿನ ಕೇಬಲ್ ಅದಕ್ಕೆ ಸಿಕ್ಕಿಸಿದರೆ ಯಾವ ದೊಡ್ಡ ಆಂಪ್ಲಿಫಯರಿನ ನಾದ ಬೇಕೋ ಅದನ್ನು ಅದು ಒಳಗೊಳಗೇ ಲೆಕ್ಕ ಹಾಕಿ ತಯಾರಿಸಿ ನೇರ, ಎಲ್ಲರ ಶಬ್ದ ಬಂದು ಸೇರುವ ನನ್ನ ಮಿಕ್ಸರಿಗೆ ಕಳಿಸುತ್ತದೆ. ವೇದಿಕೆಯ ಮೇಲೆ ಆಂಪ್ಲಿಫಯರೇ ಬೇಡ. ಹನೀಫನಿಗೆ ರಬ್ಬರಿನ ಎಲೆಕ್ಟ್ರಾನಿಕ್ ಡ್ರಮ್ಸ್. ಮಾನಿಟರ್ ಬಾಕ್ಸಿನ ಬದಲು ಒಬ್ಬೊಬ್ಬರ ಸೊಂಟಕ್ಕೂ ಒಂದು ಡಬ್ಬಿ, ಅದರಿಂದ ಕಿವಿಗೆ ಇನ್-ಇಯರ್ ಎಂಬ ಬಿರಡೆ. ಮಿಕ್ಸರೂ ಹೊಸದು, ಡಿಜಿಟಲ್. ಸುಮಾರು ಎಲ್ಲವೂ ಒಂದು ಪರದೆಯ ಮೇಲೆ.

ಮೊದಲ ಅಭ್ಯಾಸ ಬೋವಿಕಾನದ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ನಡೆಯಿತು. ಅರ್ಧದಲ್ಲಿ ಚಹಾ ತಂದ ಹೋಟೆಲಿನ ಬಾಬು ಬಾಗಿಲಲ್ಲೇ ನಿಂತುಬಿಟ್ಟ. ಅವನ ಮುಖ ನೋಡಿ ನನಗೂ ಕುತೂಹಲವಾಗಿ ಹೆಡ್‌ಫೋನ್ ತೆಗೆದೆ. ರಬ್ಬರಿನ ಮೇಲೆ ಕೋಲು ಪಟಪಟ ಬೀಳುವುದು, ತಂತಿಯ ಮೇಲೆ ಉಗುರು ಕೆರೆಯುವುದು, ಕೀಬೋರ್ಡಿನ ಮಣೆಗಳ ಟಕ್ ಟಕ್, ಇವುಗಳ ನಡುವೆ ಟೀಚರ ಬರಿಯ ಸ್ವರ. ನಾಲ್ವರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ. ಬಾಬು ಚಹಾದ ತಟ್ಟೆಯನ್ನು ನೆಲಕ್ಕಿಟ್ಟು, ಇವರಿಗೆಲ್ಲ ಎಂತ ಆಯ್ತು ಮಾರಾಯ್ರೆ ಎಂದು ಮೆಲ್ಲಗೆ ನನ್ನನ್ನು ಕೇಳಿದ. ನನ್ನ ಹೆಡ್‌ಫೋನನ್ನು ಅವನ ತಲೆಗೆ ಇಟ್ಟೆ. ಅವನ ಕಣ್ಣು ಅರಳಿದ್ದನ್ನು ನೋಡಬೇಕಿತ್ತು. ಆಮೇಲೆ ಆ ಮಾಳಿಗೆಗೆ ಚಹಾ ಬರುವುದು ಎಂದೂ ತಡವಾಗಲಿಲ್ಲ.

ಈ ಹೊಸ ಪದ್ಧತಿಯಲ್ಲಿ ನನಗೆ ಹುಚ್ಚು ಹಿಡಿಸಿದ್ದು ಒಂದು ಸಂಗತಿ. ಪ್ರತಿಯೊಬ್ಬರ ಕಿವಿಗೂ ಬೇರೆ ಬೇರೆ ಹದದಲ್ಲಿ ಶಬ್ದ ಕಳಿಸಬೇಕು, ಮತ್ತು ಒಂದು ಗುಂಡಿ ಒತ್ತಿದರೆ ಅವರ ಕಿವಿಯಲ್ಲಿ ಏನು ಕೇಳುತ್ತಿದೆಯೋ ಅದೇ ನನ್ನ ಹೆಡ್‌ಫೋನಿಗೂ ಬರುತ್ತದೆ. ಅಷ್ಟು ವರ್ಷ ಜೊತೆಗೆ ಉಂಡು ತಿರುಗಿದವರು ನಿಜವಾಗಿ ಎಂಥವರು ಎಂದು ನನಗೆ ತಿಳಿದದ್ದು ಆಗ. ಹನೀಫನ ಕಿವಿಯಲ್ಲಿ ಅವನದೇ ಡ್ರಮ್ಸು, ತಾಳದ ಟಿಕ್ ಟಿಕ್ ಮತ್ತು ಕೀಬೋರ್ಡಿನ ಬೇಸ್ ಬಿಟ್ಟರೆ ಬೇರೇನಿಲ್ಲ, ಹಾಡೇ ಬೇಡ ಅವನಿಗೆ. ಹತ್ತಾರು ಮದುವೆಗಳಲ್ಲಿ ಬಾರಿಸಿದ ಒಂದು ಹಾಡು ವಿರಹದ್ದೆಂದು ಅವನಿಗೆ ನಾನು ಹೇಳಿದ ಮೇಲೆ ಗೊತ್ತಾಯಿತು. ಸಜಿಗೆ ಸಜಿ ಮಾತ್ರ ಕೇಳಿದರೆ ಸಾಕು. ರಾಜೇಶ ಒಂದು ವಿಚಿತ್ರ ಬೇಡಿಕೆ ಇಟ್ಟ. ಬಿರಡೆ ಹಾಕಿದರೆ ಜನರ ಗಲಾಟೆಯೇ ಕೇಳುವುದಿಲ್ಲ, ನೀರಿನೊಳಗೆ ನಿಂತ ಹಾಗಾಗುತ್ತದೆ, ನನಗೆ ಜನ ಬೇಕು ಎಂದ. ವೇದಿಕೆಯಂಚಿನಲ್ಲಿ ಸಭೆಯ ಕಡೆಗೆ ಎರಡು ಮೈಕು ಇಟ್ಟು ಅದನ್ನು ಅವನ ಕಿವಿಗೆ ಬಿಟ್ಟೆ. ಮುಂದಿನ ಸಾಲಿನ ಇಬ್ಬರು ಮಾವಂದಿರು ಅವನ ಶರ್ಟಿನ ಬಣ್ಣದ ಬಗ್ಗೆ ಆಡಿದ್ದೆಲ್ಲ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಜನ ಸ್ವಲ್ಪ ಕಡಿಮೆ ಸಾಕು ಎಂದು ಅವನೇ ಸನ್ನೆ ಮಾಡಿದ.

ಕಿವಿಯಿಂದ ಕಿವಿಗೆ ತಿರುಗಾಡುವ ಈ ಚಪಲವೇ ನನ್ನನ್ನು ಮೊದಲ ಸಲ ಹೊಂಡಕ್ಕೆ ಹಾಕಿತು. ಮಂಜೇಶ್ವರದ ಕಡೆ ಒಂದು ಮಧ್ಯಾಹ್ನದ ರಿಸೆಪ್ಷನ್. ಸಭೆಗೆ ಕೇಳುವ ದೊಡ್ಡ ಬಾಕ್ಸುಗಳು ಹಾಲಿನ ಕರೆಂಟಿನಲ್ಲಿದ್ದವು. ನನ್ನ ಮಿಕ್ಸರು, ಮಾಡೆಲರು, ಕಿವಿಯ ಯಂತ್ರಗಳು ನಮ್ಮದೇ ಯುಪಿಎಸ್‌ನಲ್ಲಿ. ಕರೆಂಟು ಹೋಯಿತು. ಹಗಲಾದ್ದರಿಂದ ದೀಪ ಆರಿದ್ದು ಯಾರ ಗಮನಕ್ಕೂ ಬರಲಿಲ್ಲ. ದೊಡ್ಡ ಬಾಕ್ಸುಗಳು ಸತ್ತವು, ನಮ್ಮ ಕಿವಿಗಳು ಸಾಯಲಿಲ್ಲ. ಹನೀಫನ ಕಿವಿಯಲ್ಲಿ ಕುಳಿತು ಅವನು ಹೊಸದಾಗಿ ಕಲಿತ ಒಂದು ತಿರುವನ್ನು ಆಸ್ವಾದಿಸುತ್ತಿದ್ದವನು ನಾನು. ಒಂದು ಹಾಡು ಪೂರ್ತಿ, ಇನ್ನೊಂದರ ಅರ್ಧ ಹೀಗೇ ಕಳೆಯಿತು. ಮದುಮಗಳ ಅಜ್ಜ ಬಂದು ಕೋಲಿನಿಂದ ನನ್ನ ಭುಜ ತಟ್ಟಿ, "ಇದು ಎಂತ, ಮೂಕಾಭಿನಯವಾ?" ಎಂದು ಕೇಳಿದಾಗಲೇ ನಾನು ಹೆಡ್‌ಫೋನ್ ತೆಗೆದದ್ದು. ನಾನೂರು ಜನ ಬಿರಿಯಾನಿ ಬಿಟ್ಟು ವೇದಿಕೆಯನ್ನೇ ನೋಡುತ್ತಿದ್ದರು. ಅಂದಿನಿಂದ ಒಂದು ಕಿವಿ ಸಭೆಗೆ, ಒಂದು ಕಿವಿ ಹೆಡ್‌ಫೋನಿಗೆ ಎಂದು ನಿಯಮ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ.

ಉಳಿದವರ ಕಿವಿಗಳು ನನಗೆ ಬೇಗ ಅರ್ಥವಾದವು. ಟೀಚರದ್ದು ಮಾತ್ರ ಆಗಲಿಲ್ಲ. ಅವರಿಗೆ ಕೀಬೋರ್ಡು ಸಾಲುತ್ತಲೇ ಇರಲಿಲ್ಲ. ಕೀಬೋರ್ಡು ಕೇಳುದಿಲ್ಲ ವಿಠಲಣ್ಣ, ಶ್ರುತಿಗೆ ಅದು ಬೇಕು ಎನ್ನುತ್ತಿದ್ದರು. ಏರಿಸಿದೆ. ಮುಂದಿನ ವಾರ ಅದೇ ದೂರು. ಅವರ ಕಿವಿಯೊಳಗೆ ಹೋಗಿ ಕೇಳಿದರೆ ಕೀಬೋರ್ಡು ತಲೆ ಒಡೆಯುವಷ್ಟು ಜೋರಾಗಿತ್ತು. ಡಬ್ಬಿ ಬದಲಿಸಿದೆ, ಬಿರಡೆ ಬದಲಿಸಿದೆ, ಕೇಬಲ್ ಬದಲಿಸಿದೆ. ಈ ಮಹಾತಾಯಿಗೆ ಸಜಿಯ ಮೇಲೆ ಏನಾದರೂ ಸಿಟ್ಟಿದೆಯೋ ಎಂದು ಕೂಡ ಯೋಚಿಸಿದೆ. ಒಂದು ಅಭ್ಯಾಸದ ದಿನ ಬೇರೇನೂ ತೋಚದೆ, ಎಡಗಡೆಯಿಂದ ಕೇಳುವಂತೆ ಇಟ್ಟಿದ್ದ ಕೀಬೋರ್ಡನ್ನು ನಡುವಿಗೆ ತಂದೆ. ಕೂಡಲೇ ಟೀಚರ್ ಬೆಚ್ಚಿದವರಂತೆ ತಿರುಗಿ, ಈಗ ಸರಿ ಆಯ್ತು, ಸ್ವಲ್ಪ ಇಳಿಸಿ ಎಂದರು.

ಓದುವವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಎರಡು ಕಿವಿಗೆ ಎರಡು ದಾರಿ. ವಾದ್ಯಗಳನ್ನು ಎಡಕ್ಕೆ, ಬಲಕ್ಕೆ, ನಡುವಿಗೆ ಹಂಚಿಟ್ಟರೆ ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕೇಳುತ್ತವೆ. ನಾನು ಎಡಕ್ಕಿಟ್ಟದ್ದು ಮಾತ್ರ ಟೀಚರಿಗೆ ತಲುಪುತ್ತಿರಲಿಲ್ಲ. ಪರೀಕ್ಷಿಸಲೆಂದು ಗಿಟಾರನ್ನು ಮೆಲ್ಲಗೆ ಎಡಕ್ಕೆ ಸರಿಸಿದೆ. ಗಿಟಾರು ಎಲ್ಲಿ ಹೋಯಿತು ಎಂದು ಅವರ ಹುಬ್ಬು ಕೇಳಿತು. ಬಲಗಡೆಯ ಬಾಕ್ಸು, ಎಡ ತುದಿಯ ಜಾಗ, ಮಾತಾಡುವಾಗ ತಲೆಯನ್ನು ತುಸು ತಿರುಗಿಸುವ ರೀತಿ, ಎಲ್ಲವೂ ಒಟ್ಟಿಗೆ ಅರ್ಥವಾಯಿತು.

ಊಟದ ಹೊತ್ತಿಗೆ ಅವರೊಬ್ಬರೇ ಇದ್ದಾಗ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಏಳನೆಯ ವರ್ಷದಲ್ಲಿ ಮಂಗನಬಾವು ಬಂದಾಗ ಎಡಗಿವಿ ಹೋಯಿತಂತೆ. ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕಿವಿ ಕೇಳದವಳು ಹಾಡುತ್ತಾಳೆ ಎಂದು ಒಮ್ಮೆ ಬಾಯಿಗೆ ಬಿದ್ದರೆ, ಆಮೇಲೆ ಎಷ್ಟು ಚೆನ್ನಾಗಿ ಹಾಡಿದರೂ ಜನ ಶ್ರುತಿ ತಪ್ಪುವುದನ್ನೇ ಕಾಯುತ್ತಾರೆ ಎಂದರು. ಆ ದಿನಗಳಲ್ಲಿ ರಾಜೇಶ ಬ್ಯಾಂಡಿಗೆ ಇನ್ನೊಬ್ಬಳು ಎಳೆಯ ಗಾಯಕಿಯನ್ನು ನೋಡುತ್ತಿದ್ದ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ನೀವು ಯಾರ ಹತ್ರವೂ ಹೇಳ್ಬೇಡಿ ವಿಠಲಣ್ಣ. ಇದೊಂದು ಕಿವಿ ಇರುವಷ್ಟು ದಿನ ನಾನು ಹಾಡ್ತೇನೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರ ಪಾಲಿನ ಎಲ್ಲವನ್ನೂ ಬಲಗಿವಿಗೆ ಒಟ್ಟು ಮಾಡಿ ಕೊಟ್ಟೆ. ಅವರ ಹಾಡು ಎಷ್ಟು ಹಗುರವಾಯಿತೆಂದರೆ ಸಜಿ ಕೂಡ ತಲೆಯೆತ್ತಿ ಕೇಳತೊಡಗಿದ. ನನಗೆ ಮಾತ್ರ ಹೊಸ ಹೆದರಿಕೆ ಹುಟ್ಟಿತು. ಉಳಿದವರು ಏರಿಸಿ ಎಂದರೆ ಎರಡು ಕಿವಿಗೆ ಹಂಚಿಹೋಗುತ್ತದೆ. ಟೀಚರ್ ಏರಿಸಿ ಎಂದಾಗಲೆಲ್ಲ ಅವರಿಗಿರುವ ಒಂದೇ ಒಂದು ಕಿವಿಯ ಮೇಲೆ ನನ್ನ ಬೆರಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ ನಾನು ಕೈ ಬಿಗಿ ಮಾಡಿದೆ. ಅವರ ಸ್ವರ ಏರಿಸುವ ಬದಲು ಸುತ್ತಲಿನದನ್ನು ಇಳಿಸುತ್ತಿದ್ದೆ. ಲಿಮಿಟರ್ ಎಂದು ಒಂದಿದೆ, ಎಷ್ಟೇ ದೊಡ್ಡ ಶಬ್ದ ಬಂದರೂ ಇಷ್ಟಕ್ಕಿಂತ ಮೇಲೆ ಕಿವಿಗೆ ಬಿಡದೆ ತಡೆಯುವ ಕಾವಲುಗಾರ. ಅದನ್ನು ಅವರಿಗೆ ತುಸು ಕೆಳಗೇ ಕಟ್ಟಿದ್ದೆ.

ಇಷ್ಟು ಜಾಗ್ರತೆ ಮಾಡಿದವನೇ ಕೆಡಿಸಿದೆ.

ಎಣ್ಮಕಜೆಯ ಕಡೆ ಒಂದು ಶಾಲೆಯ ಹಳೆ ವಿದ್ಯಾರ್ಥಿಗಳ ಸಮಾರಂಭ, ಬೆಳಗ್ಗೆ ಹನ್ನೊಂದು ಗಂಟೆ. ಕಿವಿಯಲ್ಲಿ ಡ್ರಮ್ಸು ಉಸಿರು ಕಟ್ಟಿದ ಹಾಗೆ ಕೇಳುತ್ತದೆ, ಆ ಲಿಮಿಟರ್ ತೆಗೆಯಿರಿ ಎಂದು ಹನೀಫ ದುಂಬಾಲು ಬಿದ್ದಿದ್ದ. ತೆಗೆದೆ. ಅವನ ಕಿವಿಯ ಶಬ್ದ ಹೊಸ ಹೂವಿನ ಹಾಗೆ ಅರಳಿತು. ಎಷ್ಟು ಚೆನ್ನಾಗಿ ಮಾಡಿದೆ ಎಂದು ನನಗೇ ಹೆಮ್ಮೆಯಾಗಿ, ಅವನ ಆ ಸೆಟ್ಟಿಂಗನ್ನು ಉಳಿದ ಮೂವರಿಗೂ ಕಾಪಿ ಮಾಡಿದೆ. ಬೆರಳಿನ ಒಂದೇ ಒತ್ತು. ಹಳೆಯ ಮಿಕ್ಸರಿನಲ್ಲಾದರೆ ಒಬ್ಬೊಬ್ಬರ ಗುಂಡಿಯನ್ನೂ ಬೇರೆ ಬೇರೆ ತಿರುಗಿಸಬೇಕಿತ್ತು, ಟೀಚರ ಗುಂಡಿಗೆ ಕೈ ಹೋದಾಗ ಟೀಚರು ನೆನಪಾಗುತ್ತಿದ್ದರು. ಹೊಸತರಲ್ಲಿ ನೆನಪಾಗಲು ಪುರುಸೊತ್ತೇ ಇಲ್ಲ.

ರಾಜೇಶ ಅದರ ಹಿಂದಿನ ದಿನ ಮನೆಯಲ್ಲಿ ಕುಳಿತು ತನ್ನ ಮಾಡೆಲರಿನಲ್ಲಿ ಒಂದು ಹೊಸ ನಾದ ತಯಾರಿಸಿಟ್ಟಿದ್ದ. ಮನೆಯಲ್ಲಿ ಹೆಡ್‌ಫೋನಿನ ಗುಂಡಿ ಇಳಿದಿದ್ದರೆ ನಾದ ಎಷ್ಟು ಜೋರಾಗಿದೆ ಎಂದು ತಿಳಿಯುವುದಿಲ್ಲ. ಎರಡನೆಯ ಹಾಡಿನ ನಡುವೆ ಅವನು ಕಾಲಿನಿಂದ ಅದನ್ನು ಒತ್ತಿದ. ನಾನು ಹಾಕಿದ್ದ ಹೆಡ್‌ಫೋನಿನಲ್ಲೇ ಸಿಡಿಲು ಹೊಡೆದ ಹಾಗಾಯಿತು. ರಾಜೇಶನೇ ತನ್ನ ಬಿರಡೆ ಕಿತ್ತ. ಟೀಚರ್ ಬಲಗಿವಿ ಹಿಡಿದುಕೊಂಡು ಬಗ್ಗಿದರು. ನಾನು ಗಿಟಾರನ್ನು ಮುಚ್ಚುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಅವರು ಎದ್ದು ನಿಂತು, ಬಾಯಿ ತೆರೆದು ಒಂದು ಸಾಲು ಹಾಡಿ, ನಿಲ್ಲಿಸಿ, ನನ್ನ ಕಡೆ ನೋಡಿದರು.

"ವಿಠಲಣ್ಣ, ನನಗೆ ಎಂತದೂ ಕೇಳುದಿಲ್ಲ."

ಮೈಕಿನಲ್ಲಿ ಹೇಳಿದ್ದರಿಂದ ಸಭೆಗೆಲ್ಲ ಕೇಳಿಸಿತು. ಮೈಕಿನ ದೂರು ಎಂದುಕೊಂಡ ಹಿಂದಿನ ಸಾಲಿನ ಯಾರೋ ಒಬ್ಬರು ಪ್ರೀತಿಯಿಂದಲೇ ಕೂಗಿ ಹೇಳಿದರು, "ನಮಗೆ ಕೇಳ್ತಾ ಉಂಟು ಟೀಚರ್, ನೀವು ಹಾಡಿ."

ಅವರು ಆ ಮಾತಿಗೆ ತಿರುಗಲೇ ಇಲ್ಲ. ನನ್ನ ವೃತ್ತಿಯಲ್ಲಿ ನಾನು ಅತ್ತದ್ದು ಅದೊಂದೇ ದಿನ.

ಮಂಗಳೂರಿಗೆ ರಾಜೇಶನ ಕಾರಿನಲ್ಲಿ ಹೋದೆವು. ಕಾಯುವ ಬೆಂಚಿನಲ್ಲಿ ಕುಳಿತು ನಾನು ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಟೀಚರ ಕೈಗೆ ಕೊಟ್ಟೆ. ಹನೀಫನದ್ದನ್ನು ನಿಮಗೂ ಕಾಪಿ ಮಾಡಿದೆ, ಕಾವಲು ತೆಗೆದವನು ನಾನೇ ಎಂದು. ಅವರು ಓದಿದರು. ತನ್ನ ಸ್ವರದ ಅಳತೆ ತನಗೇ ಸಿಗದೆ, ಆಸ್ಪತ್ರೆಯ ಆ ಉದ್ದನೆಯ ಮೊಗಸಾಲೆಗೆಲ್ಲ ಕೇಳುವ ಹಾಗೆ ಹೇಳಿದರು:

"ಇದೊಂದೇ ಕಿವಿ ಅಂತ ಗೊತ್ತಿದ್ದೂ ಕಾಪಿ ಹೊಡೆದ್ರಾ? ನನ್ನ ಶಾಲೆಯ ಮಕ್ಕಳಾದ್ರೂ ಯಾರದ್ದು ಅಂತ ನೋಡಿ ಕಾಪಿ ಹೊಡೀತಾರೆ."

ಪಕ್ಕದಲ್ಲೇ ಇದ್ದ ರಾಜೇಶನಿಗೆ ಒಂದೇ ಕಿವಿ ಎಂಬುದು ಗೊತ್ತಾದದ್ದು ಹೀಗೆ. ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ತಿರುಗಿ ಬಂದು ನನ್ನ ಪೆನ್ನು ಕೇಳಿ, ಅದೇ ಹಾಳೆಯ ಕೆಳಗೆ, ನಾನು ಎರಡು ಕಿವಿ ಇದ್ದೂ ಶ್ರುತಿ ತಪ್ಪುತ್ತೇನೆ ಟೀಚರ್, ನೀವು ಗುಣವಾಗಿ ಬನ್ನಿ, ನಾವು ಕಾಯುತ್ತೇವೆ ಎಂದು ಬರೆದ. ಅವನ ಬಗ್ಗೆ ನನಗಿದ್ದ ಕೆಲವು ಅಭಿಪ್ರಾಯಗಳನ್ನು ನಾನು ಅಲ್ಲಿಯೇ ತಿದ್ದಿಕೊಂಡೆ.

ಮದ್ದು ನಡೆಯಿತು. ಮೂರನೆಯ ವಾರದಲ್ಲಿ ಕಿವಿ ಹೆಚ್ಚುಕಡಿಮೆ ತಿರುಗಿ ಬಂತು. ಇನ್ನೊಂದು ಪೆಟ್ಟು ಬಿದ್ದರೆ ಬರಲಿಕ್ಕಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಟೀಚರಿಗೆ ಹಾಡು ಬಿಡಲು ಮನಸ್ಸಿಲ್ಲ. ಹಾಡಬಹುದು, ಆದರೆ ಕಿವಿಗೆ ಹೋಗುವ ಶಬ್ದವನ್ನು ಹಿಡಿತದಲ್ಲಿಡುವವರು ಬೇಕು ಎಂದು ಡಾಕ್ಟರು ಹೇಳಿದಾಗ ಟೀಚರ್ ನನ್ನ ಕಡೆ ನೋಡಿದರು. ಅಷ್ಟೆಲ್ಲ ಆದ ಮೇಲೂ ನನ್ನ ಕಡೆಗೇ.

ಕಿವಿ ಪರೀಕ್ಷಿಸುವ ಗಾಜಿನ ಕೋಣೆಯೊಂದಿತ್ತು. ನೋಡಿದ್ದನ್ನೆಲ್ಲ ಮುಟ್ಟುವ ಹಳೆಯ ಚಪಲ ನನ್ನದು. ನನ್ನ ಕಿವಿಯನ್ನೂ ನೋಡಿ ಎಂದು ಅಲ್ಲಿದ್ದ ಪರೀಕ್ಷಕಿಯನ್ನು ಕೇಳಿದೆ. ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಒತ್ತಿದೆ, ಒತ್ತಿದೆ, ಆಮೇಲೆ ಶಬ್ದ ನಿಂತಿತು. ಯಂತ್ರ ಹಾಳಾಯಿತೇನೋ ಎಂದು ನಾನು ಸುಮ್ಮನೆ ಕುಳಿತೆ, ತಂತಿ ಸಡಿಲವಾಗಿರಬಹುದು, ನೋಡಲೇ ಎಂದು ಕೂಡ ಕೇಳಿದೆ. ಪರೀಕ್ಷಕಿ ಕಾಗದ ತಂದು ತೋರಿಸಿದಳು. ಶಬ್ದ ಕಳಿಸುತ್ತಲೇ ಇದ್ದಳಂತೆ. ಮೇಲಿನ, ಚೂಪಾದ ಶಬ್ದಗಳೆಲ್ಲ ನನ್ನ ಎರಡೂ ಕಿವಿಯಿಂದ ಹೋಗಿ ಎಷ್ಟು ವರ್ಷವಾಯಿತೋ. ಅಂದರೆ ಊರೂರಿನ ಸಭೆಗಳಿಗೆ ಬೇಕಾದ್ದಕ್ಕಿಂತ ಚೂಪಾದ ಶಬ್ದವನ್ನೇ ನಾನು ಬಡಿಸುತ್ತಿದ್ದೆ, ಸಾಲದೆಂದು ಇನ್ನಷ್ಟು ಹಾಕುತ್ತಿದ್ದೆ. ಮೈಕಿನವ ಕಿವಿ ಕಚ್ಚುತ್ತಾನೆ ಎಂದು ಯಾರೋ ಹೇಳಿದ್ದನ್ನು ನಾನು ಅಸೂಯೆಯ ಮಾತೆಂದುಕೊಂಡಿದ್ದೆ.

ಆ ಕಾಗದವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮುಚ್ಚಿಡಬಹುದಿತ್ತು. ಇನ್ನೂ ಕೆಲವು ವರ್ಷ ಕೆಲಸ ನಡೆಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಗುಟ್ಟು ಮುಚ್ಚಿಟ್ಟುಕೊಂಡು ಹಾಡುವವರ ಕೈಯಿಂದ ಕೆಡುವುದು ಅವರದ್ದೇ ಹಾಡು. ನನ್ನ ಗುಟ್ಟು ಕೆಡಿಸುವುದು ಅವರ ಕಿವಿಯನ್ನು. ಮೂರನೆಯ ದಿನ ಶಾಲೆಗೆ ಹೋಗಿ, ಮಕ್ಕಳ ಊಟದ ಹೊತ್ತಿನಲ್ಲಿ ಟೀಚರಿಗೆ ತೋರಿಸಿದೆ. ಅವರು ಕಾಗದ ಓದಿ ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ನಾನು ನಿಮಗೆ ಹೆದರಿ ಮುಚ್ಚಿಟ್ಟದ್ದು, ನಿಮ್ಮ ಕಿವಿ ಎಂಥಾ ಕಿವಿ ಅಂತ." ಅಷ್ಟು ಹೇಳಿ ಅವರಿಗೆ ನಗು ಬಂತು. ನನಗೂ ತಡೆಯಲಾಗಲಿಲ್ಲ. ಮಕ್ಕಳು ತಟ್ಟೆ ಹಿಡಿದುಕೊಂಡು ನಮ್ಮಿಬ್ಬರನ್ನೇ ನೋಡುತ್ತಿದ್ದರು.

ಅಂದಾಜಿನ ಕೆಲಸ ಇನ್ನು ಬೇಡ ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಆ ಪರೀಕ್ಷಕಿಯನ್ನೇ ಒಂದು ಭಾನುವಾರ ಮಾಳಿಗೆಗೆ ಕರೆಸಿ, ಅಳತೆಯ ಯಂತ್ರ ಇಟ್ಟು, ಟೀಚರ ಕಿವಿಗೆ ಎಷ್ಟರವರೆಗೆ ಹೋಗಬಹುದು ಎಂದು ನೋಡಿ ಲಿಮಿಟರನ್ನು ಅಲ್ಲಿಗೆ ಕಟ್ಟಿದೆ. ಕಾಪಿ ಮಾಡಿದರೂ ಅಳಿಯದ ಹಾಗೆ ಅದಕ್ಕೆ ಬೀಗ ಹಾಕಿದೆ. ರಾಜೇಶ ತನ್ನ ಮಾಡೆಲರಿನ ನಾದಗಳನ್ನೆಲ್ಲ ಒಂದೊಂದಾಗಿ ಬಾರಿಸಿ, ಒಂದೇ ಮಟ್ಟಕ್ಕೆ ಇಳಿಸಿದ. ನಾಲ್ಕು ಗಂಟೆ ಹಿಡಿಯಿತು. ಅವನು ಒಮ್ಮೆಯೂ ಗೊಣಗಲಿಲ್ಲ. ಆ ತಿಂಗಳ ಕಾರ್ಯಕ್ರಮಗಳನ್ನು ಮುಗಿಸಿ ನಾನು ಕೆಲಸ ಬಿಟ್ಟೆ.

ಈಗ ಅಲ್ಲಿ ಕುಳಿತುಕೊಳ್ಳುವವಳು ದಿವ್ಯಾ, ಈ ವಿದ್ಯೆಯನ್ನು ಕಾಲೇಜಿನಲ್ಲೇ ಕಲಿತು ಬಂದವಳು. ಅವಳ ಕಿವಿ ಬಾವಲಿಯದು. ಟೀಚರ್ ಈಗಲೂ ಹಾಡುತ್ತಾರೆ, ಎಲ್ಲರಿಗೂ ಗೊತ್ತಿರುವ ಒಂದು ಕಿವಿಯಲ್ಲಿ. ಶ್ರುತಿ ತಪ್ಪುವುದನ್ನು ಕಾಯುವವರು ಮೊದಮೊದಲು ಕೆಲವರಿದ್ದರು, ಕಾದು ಬೇಸತ್ತು ಊಟಕ್ಕೆ ಹೋದರು.

ಕಳೆದ ಭಾನುವಾರ ಮಧ್ಯಾಹ್ನ ಒಂದು ಮದುವೆ ಹಾಲಿನಿಂದ ದಿವ್ಯಾ ಫೋನ್ ಮಾಡಿದಳು.

"ವಿಠಲಣ್ಣ, ಟೀಚರ್ ಇನ್ನೂ ಜಾಸ್ತಿ ಬೇಕು ಅಂತ ಕೈ ಮಾಡ್ತಾ ಇದ್ದಾರೆ. ಎಂತ ಮಾಡುದು?"

ಉಳಿದದ್ದನ್ನು ಇಳಿಸು, ಬೀಗ ಮಾತ್ರ ಮುಟ್ಟಬೇಡ ಎಂದೆ. ಇಳಿಸಿ ಆಗಿದೆಯಂತೆ, ಆದರೂ ಕೇಳುತ್ತಿದ್ದಾರಂತೆ.

"ಆಗುದಿಲ್ಲ ಅಂತ ಹೇಳು."

"ಅವರ ಕಿವಿಗೇ ಮೆಲ್ಲ ಹೇಳಿದೆ. ಬೈದ್ರು."

"ನೀನು ಮೆಲ್ಲ ಹೇಳಿದ್ದು ಕೇಳಿದ ಕಾರಣ ಅಲ್ವಾ ಬೈದದ್ದು?" ಎಂದೆ. "ಹಾಗಾದ್ರೆ ಎಲ್ಲ ಸರಿ ಉಂಟು. ಬೈಲಿ."